ಬೆಂಗಳೂರಿನಲ್ಲಿದ್ದುಕೊಂಡು ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಹುಡುಕಿ, ರಿಪೇರಿ ಮಾಡಿ, ಓಡಿಸಬಹುದಾ?

ನೀವು ಕೇಳಿದ್ದು ಇಷ್ಟು. ಅಮೆರಿಕದವರು ಐವತ್ತು ಅರವತ್ತು ವರ್ಷ ಹಳೆಯ ಗಾರ್ಡನ್ ಟ್ರ್ಯಾಕ್ಟರ್‌ಗಳನ್ನು ಶೆಡ್ಡಿನಿಂದ ಎಳೆದು ತಂದು, ಸರಿ ಮಾಡಿ, ತೋಟದಲ್ಲಿ ಓಡಿಸುವ ವಿಡಿಯೋ ನೋಡಿದ್ದೀರಿ. ಹೊಸಕೋಟೆ ಹತ್ತಿರ ನಿಮ್ಮದು 20 ಗುಂಟೆ ಜಮೀನಿದೆ. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಇಂಥದ್ದೊಂದು ಮಷೀನು ಇಟ್ಟುಕೊಳ್ಳಬಹುದಾ, ಎಲ್ಲಿಂದ ಶುರು ಮಾಡಬೇಕು, ಎಷ್ಟು ಖರ್ಚಾಗುತ್ತದೆ ಅಂತ.

ಖಂಡಿತ ಇಟ್ಟುಕೊಳ್ಳಬಹುದು. ನಾನು ಎಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಈಗ ನನ್ನ ಹತ್ತಿರ ಮೂರು ಇವೆ. ಎರಡು ಓಡುತ್ತವೆ, ಮೂರನೆಯದು ಅವೆರಡಕ್ಕೆ ಸಾಮಾನು ಕೊಡುತ್ತದೆ. ದೊಡ್ಡಬಳ್ಳಾಪುರದ ಹತ್ತಿರ ನನ್ನ ಸೋದರಮಾವನ ತೋಟದಲ್ಲಿ ಅವುಗಳ ವಾಸ. ಆದರೆ ವಿಡಿಯೋದಲ್ಲಿ ನೋಡಿದ ಮಷೀನನ್ನೇ ಇಲ್ಲಿ ಹುಡುಕಬೇಡಿ.

ಅವುಗಳ ಕಥೆಯೇ ಬೇರೆ. ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಅಪ್ಪ ಮಗ ಸೇರಿ 1946ರಲ್ಲಿ ಶುರು ಮಾಡಿದ ವೀಲ್ ಹಾರ್ಸ್, 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ತಂದ ಕಬ್ ಕೆಡೆಟ್, 1963ರ ಜಾನ್ ಡೀರ್ 110, ಇವೆಲ್ಲ ಹುಲ್ಲು ಕತ್ತರಿಸಲು, ಹಿಮ ತಳ್ಳಲು, ಮನೆ ಹಿಂದಿನ ತೋಟ ಉಳಲು ಹುಟ್ಟಿದವು. ಹೆಚ್ಚಿನವಕ್ಕೆ ಪೆಟ್ರೋಲ್ ಇಂಜಿನ್. ಅಲ್ಲಿ ಇವತ್ತಿಗೂ ಅವುಗಳ ಸಾಮಾನು ಸಿಗುತ್ತದೆ. ಇಲ್ಲಿಗೆ ತರಿಸಿಕೊಂಡರೆ ಒಂದೊಂದು ಸಣ್ಣ ಪಾರ್ಟಿಗೂ ತಿಂಗಳುಗಟ್ಟಲೆ ಕಾಯಬೇಕು.

ಆ ಬಳಗದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇವೆಲ್ಲಕ್ಕಿಂತ ಹಳೆಯದು. ಬೆಂಜಮಿನ್ ಗ್ರೇವ್ಲಿ ಎನ್ನುವ ಫೋಟೋಗ್ರಾಫರ್ ಒಬ್ಬರು ಮೋಟಾರ್‌ಸೈಕಲ್ಲಿನ ಭಾಗಗಳನ್ನು ಸೇರಿಸಿ ಒಂದು ಮೋಟಾರ್ ನೇಗಿಲು ಮಾಡಿ, 1916ರಲ್ಲಿ ಪೇಟೆಂಟ್ ತೆಗೆದುಕೊಂಡರು. ಅದಕ್ಕೆ ಸೀಟಿಲ್ಲ. ಹಿಡಿ ಹಿಡಿದು ಹಿಂದೆ ನಡೆಯಬೇಕು. ಎಲ್ಲೋ ನೋಡಿದ ಹಾಗಿದೆ ಅಲ್ವಾ? ನಮ್ಮ ಊರುಗಳಲ್ಲಿ ಆ ಕೆಲಸ ಮಾಡಿದ್ದು ಪವರ್ ಟಿಲ್ಲರ್.

ಅದೂ ನಮ್ಮ ಬೆಂಗಳೂರಿನದೇ ಮಷೀನು. ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ವಿಎಸ್‌ಟಿ ಕಂಪನಿ ಇಲ್ಲಿ ಶುರುವಾಗಿದ್ದು 1967ರಲ್ಲಿ. ವೈಟ್‌ಫೀಲ್ಡ್ ರಸ್ತೆಯ ಮಹದೇವಪುರದಲ್ಲಿ ಅದರ ಹಳೆಯ ಕಾರ್ಖಾನೆ. ಈಗ ಆ ರಸ್ತೆ ಅಂದರೆ ಎಲ್ಲರಿಗೂ ಸಾಫ್ಟ್‌ವೇರ್ ನೆನಪಾಗುತ್ತದೆ. ನನಗೆ ಮಾತ್ರ ಅಲ್ಲಿ ಹೋಗುವಾಗಲೆಲ್ಲ ಟಿಲ್ಲರ್ ನೆನಪಾಗುತ್ತದೆ. ಹಳೆಯದರಲ್ಲಿ ಇನ್ನೊಂದು ಒಳ್ಳೆಯ ಜಾತಿ ಕೇರಳದ ಅತ್ತಾಣಿಯ ಕ್ಯಾಮ್ಕೋ. ಅದು 1973ರ ಕಂಪನಿ, ಮಷೀನಿನ ಮೂಲ ಕುಬೋಟಾ. ಎರಡರಲ್ಲೂ ಒಂದೇ ಸಿಲಿಂಡರಿನ, ನೀರಿನಿಂದ ತಣ್ಣಗಾಗುವ ಡೀಸೆಲ್ ಇಂಜಿನ್, 12-13 ಎಚ್‌ಪಿ. ಇಂಜಿನ್ನಿಂದ ಗೇರ್ ಬಾಕ್ಸಿಗೆ ಬೆಲ್ಟು. ನಿಮ್ಮ 20 ಗುಂಟೆಗೆ ಇದು ಧಾರಾಳ ಸಾಕು. ಕೂತೇ ಓಡಿಸಬೇಕು ಅಂದರೆ ಮಿತ್ಸುಬಿಷಿ ಶಕ್ತಿ ಅನ್ನುವ 18.5 ಎಚ್‌ಪಿಯ ಮೂರು ಸಿಲಿಂಡರ್ ಪುಟ್ಟ ಟ್ರ್ಯಾಕ್ಟರ್ ಇದೆ. ಆದರೆ ಮೊದಲ ಮಷೀನಾಗಿ ಟಿಲ್ಲರೇ ಇರಲಿ. ಅದರಲ್ಲಿ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ನನ್ನ ಮೊದಲನೆಯದು ಸಿಕ್ಕಿದ್ದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ. ದ್ರಾಕ್ಷಿ ತೋಟದ ಯಜಮಾನರೊಬ್ಬರ ಮನೆ ಹಿಂದೆ, ಹುಣಸೆ ಮರದ ಕೆಳಗೆ, ಟಾರ್ಪಾಲು ಹೊದ್ದು ಕೂತಿತ್ತು. ಆರು ವರ್ಷ ಸ್ಟಾರ್ಟ್ ಆಗಿರಲಿಲ್ಲ. ಆ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ದೊಡ್ಡ ಟ್ರ್ಯಾಕ್ಟರ್ ಚಪ್ಪರದ ಕೆಳಗೆ ನುಗ್ಗೋದಿಲ್ಲ, ಟಿಲ್ಲರ್ ಆರಾಮಾಗಿ ಹೋಗುತ್ತದೆ. ಹಾಗಾಗಿ ಹಳೆಯ ತೋಟಗಳಿರುವ ಊರುಗಳಲ್ಲಿ ಹುಡುಕಿ. 28,000 ರೂಪಾಯಿಗೆ ಮಾತಾಯಿತು. ಹಣ ಎಣಿಸಿಕೊಂಡ ಮೇಲೆ ಅವರು ಒಳಗೆ ಹೋಗಿ ಅಟ್ಟದಿಂದ ಗೋಣಿಯಲ್ಲಿ ಸುತ್ತಿದ ಸ್ಟಾರ್ಟಿಂಗ್ ಹ್ಯಾಂಡಲ್ ತಂದರು. "ಇದನ್ನ ಮಾತ್ರ ಹೊರಗೆ ಬಿಡಬೇಡಪ್ಪ, ಇದು ಹೋದರೆ ಮಷೀನು ಹೋದ ಹಾಗೆ" ಅಂದರು. ಇವತ್ತಿಗೂ ಅದೇ ಗೋಣಿಯಲ್ಲೇ ಇದೆ.

ಕೊಳ್ಳುವಾಗ ಬಣ್ಣ ನೋಡಬೇಡಿ. ಡಿಕಂಪ್ರೆಷನ್ ಲಿವರ್, ಅಂದರೆ ಸಿಲಿಂಡರಿನ ಒತ್ತಡ ಬಿಡುವ ಲಿವರ್ ಎತ್ತಿ ಫ್ಲೈವೀಲ್ ತಿರುಗಿಸಿ. ಸಲೀಸಾಗಿ ತಿರುಗಬೇಕು. ಲಿವರ್ ಬಿಟ್ಟು ತಿರುಗಿಸಿದರೆ ಒಂದು ಕಡೆ ಬಂದು ತಡೆದು ಹಿಂದಕ್ಕೆ ಪುಟಿಯಬೇಕು. ಪುಟಿದರೆ ಕಂಪ್ರೆಷನ್ ಜೀವಂತ ಇದೆ ಅಂತ ಅರ್ಥ. ಗೇರ್ ಬಾಕ್ಸಿನ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಬೆರೆಸಿದ ಟೀ ಥರ ಇದ್ದರೆ ಒಳಗೆ ನೀರು ಹೋಗಿದೆ, ಸೀಲು ಬೇರಿಂಗು ಎರಡೂ ಕೇಳುತ್ತದೆ. ಆರು ಮುಂದಿನ ಗೇರು, ಎರಡು ರಿವರ್ಸ್ ಇರುತ್ತವೆ. ಒಂದೊಂದಾಗಿ ಹಾಕಿ ನೋಡಿ. ಹಿಂದೆ ಮಣ್ಣು ಉಳುವ ಬ್ಲೇಡುಗಳ ರೋಟರಿ, ಅದರ ಮೇಲಿನ ಮುಚ್ಚಳ, ಟೂಲ್ ಬಾಕ್ಸ್, ಹ್ಯಾಂಡಲ್ ಎಲ್ಲ ಇವೆಯಾ ಅಂತ ನೋಡಿ. ಇಂಜಿನ್ ಜಾಮ್ ಆಗಿದ್ದರೂ ಪರವಾಗಿಲ್ಲ, ಸಾಮಾನು ಪೂರ್ತಿ ಇದ್ದರೆ ತೆಗೆದುಕೊಳ್ಳಿ. ಅರ್ಧ ಬಿಚ್ಚಿ ಡಬ್ಬಕ್ಕೆ ತುಂಬಿಟ್ಟಿದ್ದನ್ನು ಮಾತ್ರ ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ.

ಮನೆಗೆ ತಂದ ಮೇಲೆ ಎಲ್ಲರೂ ಮಾಡುವ ತಪ್ಪು ಒಂದಿದೆ. ತಂದ ದಿನವೇ ಪೂರ್ತಿ ಬಿಚ್ಚುವುದು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಸ್ಟಾರ್ಟ್ ಮಾಡಿ. ಓಡುವ ಮಷೀನು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಹೊಗೆ ಕಪ್ಪಾ ನೀಲಿಯಾ, ಎಲ್ಲಿ ಸೋರುತ್ತದೆ, ಯಾವ ಗೇರಿನಲ್ಲಿ ಸದ್ದು ಅಂತ ಗೊತ್ತಾಗುತ್ತದೆ. ಬಿಚ್ಚಿಟ್ಟ ಮಷೀನು ಏನೂ ಹೇಳೋದಿಲ್ಲ, ಮೂಲೆಯಲ್ಲಿ ಬಿದ್ದಿರುತ್ತದೆ ಅಷ್ಟೇ. ನಾನು ನೋಡಿದ ಅರ್ಧ ನಿಂತ ಕೆಲಸಗಳೆಲ್ಲ ಹೀಗೇ ನಿಂತವು.

ಹಳೆಯ ಡೀಸೆಲ್ ಚೆಲ್ಲಿ, ಟ್ಯಾಂಕ್ ತೊಳೆಯಿರಿ. ಒಳಗೆ ತುಕ್ಕಿದ್ದರೆ ಸ್ವಲ್ಪ ಡೀಸೆಲ್ ಜೊತೆ ಒಂದು ಹಿಡಿ ನಟ್ಟು ಹಾಕಿ ಕುಲುಕಿದರೆ ಕಿತ್ತು ಬರುತ್ತದೆ. ಫಿಲ್ಟರ್ ಬದಲಾಯಿಸಿ. ಇಂಜಿನ್ ಆಯಿಲ್ ಹೊಸದು. ಏರ್ ಕ್ಲೀನರಿನ ಬಟ್ಟಲಲ್ಲೂ ಗೆರೆಯ ತನಕ ಆಯಿಲ್ ಹಾಕಿ. ಪಿಸ್ಟನ್ ಹಿಡಿದುಕೊಂಡಿದ್ದರೆ ಸಿಲಿಂಡರಿಗೆ ಡೀಸೆಲ್ ಬಿಟ್ಟು ಒಂದು ವಾರ ಸುಮ್ನೆ ಇರಿ. ಸುತ್ತಿಗೆ ಹಿಡಿಯಬೇಡಿ. ಆಮೇಲೆ ಫ್ಲೈವೀಲನ್ನು ಹಿಂದಕ್ಕೆ ಮುಂದಕ್ಕೆ ಅಲುಗಿಸುತ್ತಾ ಇದ್ದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ಈಗ ಹೇಳುವುದನ್ನು ಎರಡು ಸಲ ಓದಿ. ವರ್ಷಗಟ್ಟಲೆ ನಿಂತ ಡೀಸೆಲ್ ಇಂಜಿನ್ನಿನಲ್ಲಿ, ಎಷ್ಟು ಡೀಸೆಲ್ ಹೋಗಬೇಕು ಅಂತ ಹತೋಟಿ ಮಾಡುವ ಪಂಪಿನ ಸರಳು, ಅಂದರೆ ರ‍್ಯಾಕ್ ಅಂಟಿಕೊಂಡಿರುತ್ತದೆ. ಅದು ಪೂರ್ತಿ ಡೀಸೆಲ್ ಬಿಡುವ ಜಾಗದಲ್ಲೇ ಅಂಟಿದ್ದರೆ ಸ್ಟಾರ್ಟ್ ಆದ ಕೂಡಲೇ ಇಂಜಿನ್ ಕೈ ಮೀರಿ ಓಡುತ್ತದೆ. ಆಕ್ಸಿಲೇಟರ್ ಇಳಿಸಿದರೂ ನಿಲ್ಲೋದಿಲ್ಲ. ಹಾಗಾಗಿ ಮೊದಲೇ ರ‍್ಯಾಕ್ ಹಿಂದೆ ಮುಂದೆ ಆಡುತ್ತದಾ ಅಂತ ನೋಡಿ. ಗಾಳಿ ಒಳಗೆ ಹೋಗುವ ಬಾಯಿಗೆ ಸರಿಯಾದ ಒಂದು ಹಲಗೆ ತುಂಡು ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ. ಹಲಗೆ ಮುಚ್ಚಿದರೆ ಗಾಳಿಯಿಲ್ಲದೆ ನಿಲ್ಲುತ್ತದೆ. ಕೈ ಅಡ್ಡ ಇಡಬೇಡಿ. ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯೇ ಇಟ್ಟುಕೊಳ್ಳಿ, ಸುತ್ತಿ ಹಿಡಿಯಬೇಡಿ. ಇಂಜಿನ್ ಹಿಂದಕ್ಕೆ ಒದ್ದರೆ ಬೆರಳು ಮುರಿಯುತ್ತದೆ.

ನನ್ನದು ಮೊದಲ ದಿನ ಬಿಳಿ ಹೊಗೆ ಬಿಟ್ಟು ಸತ್ತಿತು. ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿದೆ ಅಂತ ಎಲ್ಲ ಬ್ಲೀಡ್ ಮಾಡಿ ಗಾಳಿ ಹೊರಗೆ ಬಿಟ್ಟೆ. ಆದರೂ ಅಷ್ಟೇ. ಕೊನೆಗೆ ಪಂಪು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಎರಡನ್ನೂ ಬಿಚ್ಚಿ ಕಲಾಸಿಪಾಳ್ಯದ ಕಡೆ ಒಂದು ಡೀಸೆಲ್ ಪಂಪ್ ಅಂಗಡಿಗೆ ಒಯ್ದೆ. ಈ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. 1950ರ ದಶಕದಲ್ಲಿ ಆಡುಗೋಡಿಯಲ್ಲಿ ಮೈಕೋ (ಈಗಿನ ಬಾಷ್) ಕಾರ್ಖಾನೆ ಶುರುವಾದ ಮೇಲೆ ಡೀಸೆಲ್ ಪಂಪಿನ ಕೆಲಸ ಬಲ್ಲ ಕೈಗಳು ಈ ಊರಿನಲ್ಲಿ ತಲೆಮಾರುಗಟ್ಟಲೆ ಬೆಳೆದಿವೆ. ಅಂಗಡಿಯವರು ನಾಝಲನ್ನು ಟೆಸ್ಟರಿಗೆ ಹಾಕಿ ಲಿವರ್ ಒತ್ತಿ ತೋರಿಸಿದರು. ಮಂಜಿನ ಹಾಗೆ ಚಿಮ್ಮಬೇಕಾದದ್ದು ನಲ್ಲಿ ನೀರಿನ ಹಾಗೆ ಸುರಿಯಿತು. ಹೊಸ ನಾಝಲ್ ಹಾಕಿದರು, ಅಲ್ಲೇ ಒತ್ತಡ ಸೆಟ್ ಮಾಡಿದರು. ಆ ಮಂಜಿಗೆ ಬೆರಳು ಒಡ್ಡಬೇಡಿ. ಚದರ ಸೆಂಟಿಮೀಟರಿಗೆ 100 ಕೆಜಿಗೂ ಮೀರಿದ ಒತ್ತಡ ಅದು, ಚರ್ಮದ ಒಳಕ್ಕೇ ನುಗ್ಗುತ್ತದೆ. ಭಾನುವಾರ ತಂದು ಕೂರಿಸಿ ಹ್ಯಾಂಡಲ್ ತಿರುಗಿಸಿದೆ. ಮೂರನೇ ಸುತ್ತಿಗೆ ಹಿಡಿಯಿತು. ಟಕ್ ಟಕ್ ಟಕ್ ಅಂತ ಆ ಒಂಟಿ ಸಿಲಿಂಡರಿನ ಸದ್ದು ಕೇಳಿ ಅಡುಗೆ ಮನೆಯಿಂದ ನಮ್ಮತ್ತೆ ಓಡಿ ಬಂದರು. ನನಗೆ ಕಣ್ಣು ತುಂಬಿತ್ತು.

ಬೇರೆ ಸಾಮಾನಿಗೆ ಭಯ ಬೇಡ. ಬೇರಿಂಗಿನ ಮೈಮೇಲೆ ನಂಬರ್ ಕೊರೆದಿರುತ್ತದೆ. 6206 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ, ಒಳಗಿನ ಅಳತೆ 30 ಮಿಮೀ. ಆ ನಂಬರ್ ಹೇಳಿದರೆ ಎಸ್‌ಜೆಪಿ ರೋಡಿನಲ್ಲಿ ಐದು ನಿಮಿಷಕ್ಕೆ ಕೈಗೆ ಬರುತ್ತದೆ. ಆಯಿಲ್ ಸೀಲೂ ಅಷ್ಟೇ, ಒಳಗೆ ಹೊರಗೆ ದಪ್ಪ, ಮೂರು ಅಳತೆ ಸಾಕು. ಸಿಗದೇ ಇರುವ ಪಿನ್ನು, ಬುಶ್ಶು, ಶಾಫ್ಟನ್ನು ಪೀಣ್ಯದ ಲೇತ್‌ನವರು ಹಳೆಯದನ್ನು ನೋಡಿ ಮಾಡಿಕೊಡುತ್ತಾರೆ. ಒಳ್ಳೆಯ ಹಳೆಯ ಸ್ಪ್ಯಾನರ್ ಬೇಕಾದರೆ ಸಂಡೇ ಬಜಾರಿಗೆ ಬೆಳಿಗ್ಗೆ ಬೇಗ ಹೋಗಿ. ಬೆಲ್ಟನ್ನು ಮಾತ್ರ ಪೂರ್ತಿ ಸೆಟ್ಟೇ ಬದಲಾಯಿಸಿ. ಒಮ್ಮೆ ನಾನು ಸವೆದ ಒಂದನ್ನು ಮಾತ್ರ ಹೊಸದು ಹಾಕಿದೆ. ಭಾರವೆಲ್ಲ ಅದೊಂದರ ಮೇಲೇ ಬಿದ್ದು ಒಂದೇ ವಾರಕ್ಕೆ ಕಿತ್ತುಹೋಯಿತು.

ನಮ್ಮ ಬೋರ್‌ವೆಲ್ ನೀರು ಗಡಸು. ಇಂಜಿನ್ನಿನ ನೀರಿನ ಹಾದಿಯಲ್ಲಿ ಬಿಳಿ ಕಲ್ಲು ಕಟ್ಟಿಕೊಂಡಿರುತ್ತದೆ. ನಿಂಬೆ ಉಪ್ಪು ಕರಗಿಸಿದ ನೀರು ತುಂಬಿಸಿ, ಸ್ವಲ್ಪ ಹೊತ್ತು ಓಡಿಸಿ, ಚೆಲ್ಲಿ, ಚೆನ್ನಾಗಿ ತೊಳೆಯಿರಿ. ಆಮೇಲಿಂದ ಮಳೆ ನೀರೇ ಹಾಕಿ. ಬಣ್ಣದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಣ್ಣೆ ಜಿಡ್ಡು ಪೂರ್ತಿ ತೆಗೆದು, ರೆಡ್ ಆಕ್ಸೈಡ್ ಹೊಡೆದು, ಮೇಲೆ ಬಣ್ಣ. ಕಂಪನಿಯ ಪ್ಲೇಟು, ಇಂಜಿನ್ ನಂಬರ್ ಮೇಲೆ ಹೊಡೆಯಬೇಡಿ. ಹಿಡಿಯ ಹತ್ತಿರ ಕೈ ಸವೆಸಿದ ಜಾಗವನ್ನು ನಾನು ಹಾಗೇ ಬಿಟ್ಟಿದ್ದೇನೆ.

ಇನ್ನು ಓಡಿಸುವುದು. ಎರಡು ಹಿಡಿಯ ಕೆಳಗೆ ಎರಡು ಸಣ್ಣ ಲಿವರ್ ಇವೆ. ಬಲಗಡೆಯದನ್ನು ಒತ್ತಿದರೆ ಬಲಗಡೆ ಚಕ್ರಕ್ಕೆ ಶಕ್ತಿ ಹೋಗೋದಿಲ್ಲ, ಎಡಗಡೆ ಚಕ್ರ ತಳ್ಳುತ್ತದೆ, ಮಷೀನು ಬಲಕ್ಕೆ ತಿರುಗುತ್ತದೆ. ಸಮನೆಲದಲ್ಲಿ ಇದು ಸರಿ. ಇಳಿಜಾರಿನಲ್ಲಿ ಉಲ್ಟಾ. ಅಲ್ಲಿ ಭಾರ ಹಿಂದಿನಿಂದ ದೂಡುತ್ತಿರುತ್ತದೆ, ಇಂಜಿನ್ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಬಲಗಡೆ ಲಿವರ್ ಒತ್ತಿದ ಕೂಡಲೇ ಬಲಗಡೆ ಚಕ್ರಕ್ಕೆ ಹಿಡಿತ ತಪ್ಪಿ ಅದು ಮುಂದೋಡುತ್ತದೆ, ಮಷೀನು ಎಡಕ್ಕೆ ತಿರುಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಟ್ರೇಲರಿನಲ್ಲಿ ಗೊಬ್ಬರ ತುಂಬಿಕೊಂಡು ಕೆರೆ ಕಡೆ ಇಳಿಯುವಾಗ ಬಲಕ್ಕೆ ಅಂತ ಒತ್ತಿದೆ, ನೇರ ಎಡಗಡೆ ಕಾಲುವೆಗೆ ಹೋದೆ. ಮಂಡಿಗೆ ಏಳು ಹೊಲಿಗೆ ಬಿತ್ತು. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇರಿ, ಲಿವರ್ ಮುಟ್ಟದೆ ಹಿಡಿಯನ್ನು ಮೈಯಿಂದ ತಳ್ಳಿ ತಿರುಗಿಸಿ. ರೋಟರಿ ತಿರುಗುತ್ತಿರುವಾಗ ರಿವರ್ಸ್ ಹಾಕಲೇಬೇಡಿ. ಹಿಂದೆ ಇರುವುದು ನಿಮ್ಮ ಕಾಲು.

ರೋಟರಿ ಬ್ಲೇಡಿನಲ್ಲಿ ಎಡ ಬಲ ಅಂತ ಎರಡು ಥರ ಇವೆ. ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಉಲ್ಟಾ ಹಾಕಿದರೆ ಮಣ್ಣು ಕತ್ತರಿಸುವ ಬದಲು ಮಷೀನು ಕುಣಿಯುತ್ತದೆ. ಹೊಸಕೋಟೆ ಕಡೆಯ ಕೆಮ್ಮಣ್ಣು ಒಣಗಿದರೆ ಇಟ್ಟಿಗೆ. ಮಳೆ ಬಿದ್ದ ಮೇಲೆ ಹದಕ್ಕೆ ಬರುವ ತನಕ ಕಾಯಿರಿ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಹದ. ಹಾಗೇ ಚಪ್ಪಟೆಯಾಗಿ ಕೂತರೆ ಇನ್ನೆರಡು ದಿನ ಬೇಕು. ಹದ ಸಿಕ್ಕ ದಿನ ಬೆಳಿಗ್ಗೆ ಆರಕ್ಕೆ ಇಳಿದರೆ 20 ಗುಂಟೆಗೆ ಅರ್ಧ ದಿನ ಸಾಕು. ಚಕ್ಕೆ ಮಣ್ಣು ಬ್ಲೇಡಿನಿಂದ ಹಿಂದಕ್ಕೆ ಬಿದ್ದು ಹರಡುವುದನ್ನು ನೋಡುತ್ತಾ ನಡೆಯುವುದೇ ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಸುಖ.

ಕೆಲಸವಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ, ಬಿಸಿಯಾಗುವ ತನಕ ಓಡಿಸಿ. ನಿಲ್ಲಿಸಿದ ಮೇಲೆ ಫ್ಲೈವೀಲನ್ನು ಕಂಪ್ರೆಷನ್ ತಡೆಯುವ ಜಾಗಕ್ಕೆ ತಂದು ಬಿಡಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಒಳಗೆ ತೇವ ಹೋಗೋದಿಲ್ಲ.

ಖರ್ಚು ಕೇಳಿದ್ದಿರಿ. ನನ್ನ ಮೊದಲ ಮಷೀನಿಗೆ ಕೊಂಡದ್ದು ಬಿಟ್ಟು 19,000 ರೂಪಾಯಿ ಹಿಡಿಯಿತು, ವಾರಕ್ಕೊಂದು ಭಾನುವಾರದಂತೆ ಆರು ತಿಂಗಳು. ನೀವು ಮೊದಲು ನಿಮ್ಮ ಜಮೀನಿನ ಪಕ್ಕದ ಊರಿನ ಟೀ ಅಂಗಡಿಯಲ್ಲಿ, ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೇಳಿ. ನಿಂತಿರುವ ಟಿಲ್ಲರ್ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ಒಂದು ಸಿಕ್ಕರೆ ಹಣ ಕೊಡುವ ಮೊದಲು ಇಂಜಿನ್ ಪ್ಲೇಟ್, ಬೆಲ್ಟಿನ ಕಡೆ, ರೋಟರಿ, ಮೂರರ ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ. ನೋಡಿ ಹೇಳುತ್ತೇನೆ.