ಎರಡಡಿ ಟ್ಯಾಂಕಿನಲ್ಲಿ ಸನ್ಯಾಸಿ ಏಡಿ: ನೀರು, ಉಪ್ಪು, ಚಿಪ್ಪು

ನಿಮ್ಮ ಮೂರು ಪ್ರಶ್ನೆಗೂ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ ಮೇಡಂ. ಗೋಲ್ಡ್ ಫಿಶ್ ಇದ್ದ ಎರಡಡಿ ಟ್ಯಾಂಕ್ ಸಾಕಾ? ಸಾಕು. ಅಡುಗೆಯ ಕಲ್ಲುಪ್ಪು ನಡೆಯುತ್ತಾ? ನಡೆಯೋದಿಲ್ಲ. ಮುಂದಿನ ವಾರ ಮಲ್ಪೆಗೆ ಹೋದಾಗ ಎಂಟು ಸನ್ಯಾಸಿ ಏಡಿ (ಖಾಲಿ ಚಿಪ್ಪಿನೊಳಗೆ ಮನೆ ಮಾಡುವ ಹರ್ಮಿಟ್ ಕ್ರ್ಯಾಬ್) ಬೆಂಗಳೂರಿಗೆ ತರಬಹುದಾ? ದಯವಿಟ್ಟು ಬೇಡ. ಟ್ಯಾಂಕ್ ಹದಕ್ಕೆ ಬರಲು ಐದಾರು ವಾರ ಬೇಕು. ಅದಕ್ಕೂ ಮುಂಚೆ ತಂದ ಏಡಿ ಹದಿನೈದು ದಿನ ಬದುಕುವುದೇ ಕಷ್ಟ.

ಆ ಹಳೆಯ ಟ್ಯಾಂಕಿಗೆ ಯಾವತ್ತಾದರೂ ಬಿಳಿ ಚುಕ್ಕೆ ರೋಗದ ಔಷಧಿ ಹಾಕಿದ್ದಿರಾ? ಅಂಥ ಔಷಧಿಗಳಲ್ಲಿ ಎಷ್ಟೋ ತಾಮ್ರದವು. ಮೀನು ತಡೆದುಕೊಳ್ಳುವಷ್ಟು ತಾಮ್ರ ಏಡಿ, ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಅದು ಮೂಲೆಯ ಸಿಲಿಕಾನಿನಲ್ಲಿ, ಹಳೆಯ ಕಲ್ಲಿನಲ್ಲಿ ಹಿಡಿದುಕೊಂಡು ಕೂತಿರುತ್ತದೆ. ಹಾಕಿದ್ದರೆ ಬೇರೆ ಟ್ಯಾಂಕ್ ತಗೊಳ್ಳಿ. ಹಾಕಿಲ್ಲ ಅಂದರೂ ಹಳೆಯ ಕಲ್ಲು, ಸ್ಪಾಂಜ್ ಎಸೆದು, ಸೋಪು ಮುಟ್ಟಿಸದೆ ವಿನಿಗರ್ ಹಾಕಿ ಉಜ್ಜಿ, ಚೆನ್ನಾಗಿ ತೊಳೆಯಿರಿ.

ತಾಮ್ರ ಬರುವ ಇನ್ನೊಂದು ದಾರಿ ನಮ್ಮ ಅಡುಗೆಮನೆ. ಈಗಿನ ವಾಟರ್ ಪ್ಯೂರಿಫೈಯರ್‌ಗಳಲ್ಲಿ ಆರೋಗ್ಯಕ್ಕೆ ಒಳ್ಳೇದು ಅಂತ ಕಾಪರ್ ಕಾರ್ಟ್ರಿಜ್ ಇರುತ್ತದೆ, ಇಲ್ಲವೇ ರುಚಿಗೆ ಮಿನರಲ್ ಸೇರುತ್ತದೆ. ಹಾಗಾಗಿ ಪ್ಯೂರಿಫೈಯರ್‌ನ ನಲ್ಲಿಗೆ ಬರುವ ನೀರು ಬೇಡ. ಸರ್ವಿಸ್‌ನವರಿಗೆ ಹೇಳಿ, ಮೆಂಬ್ರೇನ್‌ನಿಂದ ನೇರ ಹೊರಬರುವ ಕಡೆ ಒಂದು ಟಿ ಜಾಯಿಂಟ್ ಹಾಕಿಸಿ, ಅಲ್ಲಿಂದ ನೀರು ಹಿಡಿಯಿರಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 10ರ ಒಳಗೆ ತೋರಿಸಿದರೆ ಉತ್ತಮ. ಬೋರ್‌ವೆಲ್ ನೀರು ಬೇಡವೇ ಬೇಡ. ನೀರು ತುಂಬಿಡುವುದು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ, ತಾಮ್ರ ಹಿತ್ತಾಳೆ ಪಾತ್ರೆ ಹತ್ತಿರಕ್ಕೂ ಬರಬಾರದು.

ಉಪ್ಪಿನ ವಿಷಯ. ಕಲ್ಲುಪ್ಪು ಅಂದರೆ ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ. ಏಡಿ ಪೊರೆ ಕಳಚಿ ಹೊಸ ಕವಚ ಗಟ್ಟಿ ಮಾಡಿಕೊಳ್ಳಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೋನೇಟ್ ಬೇಕು. ಅವು ಅಕ್ವೇರಿಯಂ ಅಂಗಡಿಯ ಮರೈನ್ ಸಾಲ್ಟ್‌ನಲ್ಲಿ ಇರುತ್ತವೆ. 2×1×1 ಅಡಿ ಟ್ಯಾಂಕಿಗೆ ಲೆಕ್ಕದಲ್ಲಿ 56 ಲೀಟರ್, ಮೇಲೆ ಎರಡಿಂಚು ಬಿಟ್ಟು ಮರಳು ಕಲ್ಲು ಕಳೆದರೆ 42 ಲೀಟರ್ ನೀರು. ಲೀಟರಿಗೆ ಸುಮಾರು 36 ಗ್ರಾಂ ಅಂದರೆ ಒಂದೂವರೆ ಕಿಲೋ. ಯಾವಾಗಲೂ ನೀರಿಗೆ ಉಪ್ಪು ಹಾಕಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣದ ಹಾಗೆ ಬೆಳ್ಳಗೆ ಒಡೆದು ತಳ ಸೇರುತ್ತದೆ, ಅದು ಮತ್ತೆ ಕರಗುವುದಿಲ್ಲ. ಬಕೆಟ್ಟಿನಲ್ಲಿ ಪಂಪ್ ಬಿಟ್ಟು ಒಂದು ರಾತ್ರಿ ತಿರುಗಿಸಿ, ಮಾರನೇ ದಿನ ಅಳೆಯಿರಿ. ಸ್ಪೆಸಿಫಿಕ್ ಗ್ರಾವಿಟಿ (ಬರೀ ನೀರಿಗೆ ಹೋಲಿಸಿದ ಸಾಂದ್ರತೆ) 1.025 ಬರಬೇಕು. ಇದನ್ನು ಅಳೆಯುವ ಪ್ಲಾಸ್ಟಿಕ್ ಹೈಡ್ರೋಮೀಟರ್‌ನ ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್‌ಗೆ ಖರ್ಚು ಮಾಡಿ, ಲೈಟಿನಲ್ಲಿ ಉಳಿಸಿ. ಏಡಿಗೆ ದುಬಾರಿ ಲೈಟು ಬೇಕಿಲ್ಲ.

ತಳಕ್ಕೆ ಆರಗೊನೈಟ್ (ಕ್ಯಾಲ್ಸಿಯಂ ಕಾರ್ಬೋನೇಟಿನ) ಮರಳು, ಒಂದಿಂಚು ದಪ್ಪಕ್ಕೆ ಆರೇಳು ಕಿಲೋ. ಮೇಲೆ ನಾಲ್ಕೈದು ಕಿಲೋ ಒಣ ಕೃತಕ ರಾಕ್. ಏಡಿ ಮರಳು ತೋಡುತ್ತದೆ, ಹಾಗಾಗಿ ಕಲ್ಲನ್ನು ಮೊದಲು ಗಾಜಿನ ಮೇಲೆ ಅಲುಗದಂತೆ ಕೂರಿಸಿ ಆಮೇಲೆ ಮರಳು ಹಾಕಿ. ಸಮುದ್ರದ ಹವಳದ ಕಲ್ಲು ಯಾರಾದರೂ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ. ಗಂಟೆಗೆ 300ರಿಂದ 400 ಲೀಟರ್ ತಿರುಗಿಸುವ, ಟ್ಯಾಂಕಿನ ಅಂಚಿಗೆ ನೇತುಹಾಕುವ ಹ್ಯಾಂಗ್ ಆನ್ ಫಿಲ್ಟರ್ ಸಾಕು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಬೇಕಿಲ್ಲ. ಚಳಿಗಾಲದ ರಾತ್ರಿಗೆ 50 ವ್ಯಾಟ್ ಹೀಟರ್ ಇಡಿ, ನೀರು 25 ಡಿಗ್ರಿ ಆಸುಪಾಸು ಇರಲಿ. ಮುಚ್ಚಳ ಕಡ್ಡಾಯ. ವೈರು ಹತ್ತಿಕೊಂಡು ಹೊರಗೆ ಬಂದ ಏಡಿ ಸೋಫಾ ಕೆಳಗೆ ಒಣಗಿ ಸಿಗುತ್ತದೆ.

ಈಗ ಸೈಕ್ಲಿಂಗ್, ಅಂದರೆ ಟ್ಯಾಂಕನ್ನು ಹದಕ್ಕೆ ತರುವುದು. ಉಪ್ಪು ಹಾಕದ ಹಸಿ ಸೀಗಡಿ ಎರಡನ್ನು ಬಲೆ ಬಟ್ಟೆಯಲ್ಲಿ ಕಟ್ಟಿ ಟ್ಯಾಂಕಿಗೆ ಬಿಡಿ. ಕೊಳೆತು ಅಮೋನಿಯ ಏರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಹುಟ್ಟಿ ನೈಟ್ರೈಟ್ ಏರುತ್ತದೆ, ಕೊನೆಗೆ ನೈಟ್ರೇಟ್. ಅಮೋನಿಯ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ದಾಟಿದಾಗ ಸೀಗಡಿ ತೆಗೆಯಿರಿ. ಆಮೇಲೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿಯೂ ಅಮೋನಿಯ, ನೈಟ್ರೈಟ್ ಎರಡೂ ಒಂದು ವಾರ ಸೊನ್ನೆಯಲ್ಲೇ ನಿಂತರೆ ಟ್ಯಾಂಕ್ ಸಿದ್ಧ. ಗೋಲ್ಡ್ ಫಿಶ್‌ಗೆ ಇಷ್ಟು ಕಾಯಲಿಲ್ಲವಲ್ಲ ಅನ್ನಿಸಬಹುದು. ಪಿಎಚ್ 7ರಲ್ಲಿ ಅಮೋನಿಯದ ವಿಷಕಾರಿ ಪಾಲು ತೀರಾ ಕಡಿಮೆ, ಸಮುದ್ರದ ನೀರಿನ 8.2ರಲ್ಲಿ ಅದು ಹತ್ತು ಪಟ್ಟಿಗೂ ಹೆಚ್ಚು. ನಡುವೆ ಮರಳಿನ ಮೇಲೆ ಕಂದು ಪುಡಿಯಂಥ ಪಾಚಿ ಕಟ್ಟುತ್ತದೆ. ಬಿಡಿ, ಏಡಿಗೆ ಅದೇ ಮೊದಲ ಊಟ.

ಎಂಟು ಏಡಿ ಹೆಚ್ಚಾಯಿತು. ಒಂದಿಂಚು ಒಳಗಿನ ಚಿಪ್ಪಿನವು ನಾಲ್ಕೈದು ಸಾಕು. ಬಂಡೆಯ ಗುಳಿ ನೀರಿನಲ್ಲಿ ಸಿಗುವ ಕ್ಲಿಬನೇರಿಯಸ್ ಜಾತಿಯವು ಗಟ್ಟಿ, ಸಣ್ಣವು. ಅಂಗಡಿಯಲ್ಲಿ ಮೈತುಂಬ ಕೂದಲಿರುವ ಕೆಂಪು ಡಾರ್ಡನಸ್ ತೋರಿಸಿದರೆ ತಗೊಳ್ಳಬೇಡಿ, ಮುಷ್ಟಿಗಿಂತ ದೊಡ್ಡದಾಗಿ ಉಳಿದವನ್ನೆಲ್ಲ ತಿಂದುಹಾಕುತ್ತದೆ. ನೆಲದ ಸನ್ಯಾಸಿ ಏಡಿಯನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ, ಅದನ್ನು ಈ ಟ್ಯಾಂಕಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ತಂದವನ್ನು ಸೀದಾ ಬಿಡದೆ ಡಬ್ಬಿಯಲ್ಲಿಟ್ಟು, ಏರ್ ಪೈಪಿಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಹನಿಯಂತೆ ಟ್ಯಾಂಕಿನ ನೀರು ಬಿಡಿ. ಡಬ್ಬಿಯ ನೀರು ಮೂರು ಪಟ್ಟಾಗಬೇಕು, ಅದಕ್ಕೆ ಒಂದೂವರೆ ಗಂಟೆ ಹಿಡಿದರೂ ಹಿಡಿಯಲಿ.

ಚಿಪ್ಪಿನ ವಿಷಯದಲ್ಲಿ ಕೈ ಬಿಗಿ ಮಾಡಬೇಡಿ. ಒಂದೊಂದು ಏಡಿಗೆ ಮೂರು ಖಾಲಿ ಚಿಪ್ಪು: ಈಗಿನ ಅಳತೆಯದು ಒಂದು, ಸ್ವಲ್ಪ ದೊಡ್ಡವು ಎರಡು. ತುದಿ ಮೇಲೆ ಮಾಡಿ ಬಾಯಿ ನಿಮ್ಮ ಕಡೆ ತಿರುಗಿಸಿದರೆ ಬಾಯಿ ಬಲಕ್ಕಿರಬೇಕು, ಯಾಕೆಂದರೆ ಏಡಿಯ ಹೊಟ್ಟೆಯೂ ಆ ಸುರುಳಿಗೇ ತಿರುಚಿಕೊಂಡಿದೆ. ಬಣ್ಣ, ವಾರ್ನಿಶ್ ಹಚ್ಚಿದ ಬೀಚ್ ಅಂಗಡಿಯ ಚಿಪ್ಪು ಬೇಡ. ಹತ್ತು ನಿಮಿಷ ಕುದಿಸಿ ಆರಿಸಿ ಹಾಕಿ. ಚಿಪ್ಪು ಸಾಲದಿದ್ದರೆ ಒಂದು ಇನ್ನೊಂದರ ಚಿಪ್ಪಿಗೆ ಟಕಟಕ ಕುಟ್ಟಿ ಒಳಗಿದ್ದದ್ದನ್ನು ಎಳೆದು ಹಾಕುತ್ತದೆ, ಬಸವನಹುಳುವಿದ್ದರೆ ಅದನ್ನು ಕೊಂದು ಮನೆ ಮಾಡಿಕೊಳ್ಳುತ್ತದೆ.

ಒಂದು ದಿನ ಮರಳಿನ ಮೇಲೆ ಏಡಿಯೊಂದು ಸತ್ತು ಬಿದ್ದಂತೆ ಕಾಣುತ್ತದೆ. ಗಾಬರಿ ಬೇಡ, ಕಣ್ಣು ನೋಡಿ. ಕಣ್ಣಿನ ತುದಿ ಗಾಜಿನಂತೆ ಖಾಲಿ, ಕಾಲುಗಳು ಟೊಳ್ಳು, ಕಾಗದದಷ್ಟು ಹಗುರ, ವಾಸನೆಯಿಲ್ಲ ಅಂದರೆ ಅದು ಕಳಚಿದ ಪೊರೆ. ಏಡಿ ಕಲ್ಲಿನ ಸಂದಿಯಲ್ಲಿ ಮೆತ್ತಗೆ ಮಲಗಿದೆ. ಹುಡುಕಲು ಕಲ್ಲು ಎತ್ತಬೇಡಿ, ಪೊರೆಯನ್ನೂ ತೆಗೆಯಬೇಡಿ, ಕ್ಯಾಲ್ಸಿಯಂಗಾಗಿ ಅದನ್ನೇ ತಿನ್ನುತ್ತದೆ. ಚಿಪ್ಪಿನಿಂದ ಜೋತು ಬಿದ್ದು ಕೊಳೆತ ಮೀನಿನ ನಾತ ಬಂದರೆ ಮಾತ್ರ ಸತ್ತಿದೆ, ಕೂಡಲೇ ತೆಗೆಯಿರಿ.

ಊಟ ಎರಡು ದಿನಕ್ಕೊಮ್ಮೆ: ತಲಾ ಒಂದು ಮೆಣಸಿನ ಕಾಳಿನಷ್ಟು ಹಸಿ ಸೀಗಡಿ, ಇನ್ನೊಮ್ಮೆ ಉಪ್ಪಿಲ್ಲದ ನೋರಿ (ಒಣಗಿಸಿದ ಸಮುದ್ರ ಪಾಚಿ) ಹಾಳೆಯ ಚೂರು. ಉಳಿದದ್ದನ್ನು ಮಾರನೇ ಬೆಳಿಗ್ಗೆ ಎತ್ತಿಬಿಡಿ.

ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರ್ ಗೆರೆ ಎಳೆಯಿರಿ. ಆರಿದ ನೀರಿನ ಜಾಗಕ್ಕೆ ಬರೀ ಆರ್‌ಓ ನೀರು (ಮೆಂಬ್ರೇನ್‌ನಿಂದ ಹಿಡಿದದ್ದು), ದಿನಾ. ಉಪ್ಪು ಆವಿಯಾಗುವುದಿಲ್ಲ, ನಾಲ್ಕು ಲೀಟರ್ ಆರಿದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 38 ದಾಟುತ್ತದೆ. ಹೊಸಬರ ಟ್ಯಾಂಕುಗಳು ಇಲ್ಲೇ ಹೆಚ್ಚು ಕೆಡುತ್ತವೆ, ಆರಿದ್ದಕ್ಕೂ ಉಪ್ಪುನೀರೇ ಸುರಿದು. ವಾರಕ್ಕೊಮ್ಮೆ ನಾಲ್ಕು ಲೀಟರ್ ಹಳೆ ನೀರು ತೆಗೆದು, ಹಿಂದಿನ ರಾತ್ರಿ ಕಲಸಿಟ್ಟ 1.025ರ ನೀರು ಹಾಕಿ. ಕರೆಂಟ್ ಹೋಗುವುದಕ್ಕೆ ಬ್ಯಾಟರಿ ಏರ್ ಪಂಪ್ ಒಂದು ಪಕ್ಕದಲ್ಲಿರಲಿ.

ಸೀಗಡಿ ಹಾಕಿದ ದಿನ ಬರೆದಿಟ್ಟುಕೊಳ್ಳಿ. ನಾಲ್ಕನೇ ವಾರದ ಅಮೋನಿಯ, ನೈಟ್ರೈಟ್, ಆರ್‌ಓ ನೀರಿನ ಟಿಡಿಎಸ್ ರೀಡಿಂಗ್‌ಗಳನ್ನು ಇಲ್ಲೇ ಹಾಕಿ, ನೋಡಿ ಏಡಿ ಯಾವಾಗ ತರಬಹುದು ಹೇಳುತ್ತೇವೆ.