ತೋಟದ ರೈಟರ್ ಯಾವ ಲೆಕ್ಕಕ್ಕೆ?

ಮೂಡಿಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಕಾಫಿಯನ್ನು ಮೂಟೆ ಲೆಕ್ಕದಲ್ಲಿ ತೂಗುತ್ತೇವೆ. ದೇಶದ ಆದಾಯದಲ್ಲಿ ಮಾಹಿತಿ ವಲಯದ ಪಾಲನ್ನು ಹೇಗೆ ಅಳೆಯುತ್ತಾರೆ? ಅದು ಬೆಂಗಳೂರಿನ ವಿಷಯ, ನಮ್ಮ ಕಡೆಗೆ ಸಂಬಂಧವಿಲ್ಲ ಅಲ್ವಾ?’

ಸಂಬಂಧ ಇದೆ ಸ್ವಾಮಿ, ಜಾಸ್ತಿಯೇ ಇದೆ. ನಿಮ್ಮ ತೋಟದ ರೈಟರನ್ನೇ, ಅಂದರೆ ಲೆಕ್ಕ ಬರೆಯುವ ಗುಮಾಸ್ತರನ್ನೇ ನೋಡಿ. ಬೆಳಗ್ಗೆ ಹಾಜರಿ ಹಾಕುತ್ತಾರೆ. ಯಾರು ಎಷ್ಟು ಕೆ.ಜಿ. ಹಣ್ಣು ಕುಯ್ದರು ಅಂತ ಬರೆಯುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬಿತ್ತು ಅಂತ ಪುಸ್ತಕದಲ್ಲಿ ಗುರುತು ಮಾಡುತ್ತಾರೆ. ದಿನವಿಡೀ ಮಾಡುವುದು ಮಾಹಿತಿಯ ಕೆಲಸ. ದೇಶದ ಲೆಕ್ಕದಲ್ಲಿ ಮಾತ್ರ ಅವರ ದುಡಿಮೆ ಕೃಷಿಗೆ ಸೇರುತ್ತದೆ.

ಈ ಗಂಟನ್ನು ಬಿಡಿಸಲು ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಬೇರೆ ಬೇರೆ ಕಾಲದಲ್ಲಿ ಕೂತರು. ಫ್ರಿಟ್ಜ್ ಮ್ಯಾಕ್ಲಪ್ 1962ರಲ್ಲಿ ಶಿಕ್ಷಣ, ಸಂಶೋಧನೆ, ಮುದ್ರಣ, ಪ್ರಸಾರ ಎಲ್ಲವನ್ನೂ ಕೂಡಿಸಿದರು. ಮನೆಯಲ್ಲಿ ತಾಯಿ ಮಗುವಿಗೆ ಕಲಿಸುವುದಕ್ಕೂ ಬೆಲೆ ಕಟ್ಟಿದರು. ಅದಕ್ಕಾಗಿಯೇ ಅವರ ಮೇಲೆ ನನಗೆ ಅಭಿಮಾನ. 1958ರ ರಾಷ್ಟ್ರೀಯ ಉತ್ಪನ್ನದಲ್ಲಿ ಜ್ಞಾನದ ಪಾಲು ಸುಮಾರು ಶೇ. 29 ಎಂದು ಅವರಿಗೆ ಸಿಕ್ಕಿತು.

1977ರಲ್ಲಿ ಮಾರ್ಕ್ ಪೊರಾಟ್ ಎರಡು ರಾಶಿ ಮಾಡಿದರು. ಪೇಟೆಯಲ್ಲಿ ಮಾರುವ ಮಾಹಿತಿ ಒಂದು ರಾಶಿ. ಬೇರೆ ಉದ್ಯಮಗಳ ಒಳಗೇ ನಡೆಯುವ ಲೆಕ್ಕಪತ್ರ, ಯೋಜನೆ, ಮೇಲ್ವಿಚಾರಣೆ ಇನ್ನೊಂದು. 1967ರ ಅಮೆರಿಕದ ರಾಷ್ಟ್ರೀಯ ಉತ್ಪನ್ನದಲ್ಲಿ ಮೊದಲನೆಯದು ಸುಮಾರು ಶೇ. 25, ಎರಡನೆಯದು ಶೇ. 21. ನಿಮ್ಮ ರೈಟರ್ ಇರುವುದು ಈ ಎರಡನೇ ರಾಶಿಯಲ್ಲಿ. ಅದನ್ನು ಬಿಟ್ಟರೆ ಅರ್ಧ ಚಿತ್ರವೇ ಕಾಣುವುದಿಲ್ಲ.

ನಮ್ಮಲ್ಲಿ? 2011-12ನ್ನು ಆಧಾರ ವರ್ಷವಾಗಿಟ್ಟ ಜಿಡಿಪಿ (ದೇಶದ ಒಟ್ಟು ಉತ್ಪನ್ನ) ಸರಣಿಯ ಮುಖ್ಯ ಪಟ್ಟಿಯಲ್ಲಿ ದೂರಸಂಪರ್ಕ ಮತ್ತು ಪ್ರಸಾರ ಎರಡೂ ವ್ಯಾಪಾರ, ಹೋಟೆಲ್, ಸಾರಿಗೆಯ ಜೊತೆ ಕೂತಿದ್ದವು. ಸಾಫ್ಟ್‌ವೇರ್ ಸೇವೆ ಹಣಕಾಸು, ರಿಯಲ್ ಎಸ್ಟೇಟ್ ಇರುವ ಗುಂಪಿನಲ್ಲಿತ್ತು. ಹಾಗಾಗಿ ಆ ಪಟ್ಟಿ ನೋಡಿ ಮಾಹಿತಿಯ ಪಾಲು ಇಷ್ಟೇ ಅಂತ ಹೇಳಲಾಗದು.

ಬಿಟ್ಟಿ ಸಿಗುವ ಮಾಹಿತಿ ಇನ್ನೂ ಕಷ್ಟ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಅಲ್ಲಿನವರ ಮಾತು ಕೇಳಿ ಬೋರರ್ (ಕಾಂಡ ಕೊರೆಯುವ ಹುಳು) ಹಿಡಿದ ಗಿಡಗಳನ್ನು ಸಕಾಲಕ್ಕೆ ಕಿತ್ತರೆ ಉಳಿದ ತೋಟ ಬದುಕುತ್ತದೆ. ಆ ಸಲಹೆಯ ಬೆಲೆ ಅಂತ ಲೆಕ್ಕಕ್ಕೆ ಬರುವುದು ಕೇಂದ್ರ ನಡೆಸಲು ಆದ ಖರ್ಚು ಮಾತ್ರ. ಉಳಿದ ಫಸಲೆಲ್ಲ ಕೃಷಿಯ ಖಾತೆಗೆ.

2025ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಹೊಸ ಲೆಕ್ಕದ ನಿಯಮದಲ್ಲಿ, ವರ್ಷಕ್ಕಿಂತ ಹೆಚ್ಚು ಕಾಲ ಉತ್ಪಾದನೆಗೆ ಬಳಸುವ ದತ್ತಾಂಶವೂ ಆಸ್ತಿಯೇ. ಹೂಮಳೆಯ ಹಳೇ ಪುಸ್ತಕಗಳು ನಿಮ್ಮ ತೋಟದ ಮನೆಯಲ್ಲಿ ಇರಬಹುದು. ಗೆದ್ದಲು ಹಿಡಿಯಲು ಬಿಡಬೇಡಿ. ರೈಟರನ್ನು ಕೇಳಿ, ಎರಡು ಪುಟದ ಪ್ರತಿ ನಮಗೆ ಕಳಿಸಿ. ಅವರ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ.

— ಸಂಪಾದಕ, ಚಿಕ್ಕಮಗಳೂರು