ರನ್ ಕಡಿಮೆ, ರೋಚಕತೆ ಜಾಸ್ತಿ

ಪ್ರಶ್ನೆ: ಬೇಸ್‌ಬಾಲ್ ಪಂದ್ಯ 1-0ಗೆ ಮುಗಿದರೆ ಬೋರ್ ಅಲ್ವಾ?

ಉತ್ತರ: ಖಂಡಿತ ಇಲ್ಲ! 1965ರ ಸೆಪ್ಟೆಂಬರ್ 9ರಂದು ಲಾಸ್ ಏಂಜಲೀಸ್‌ನಲ್ಲಿ ಡಾಡ್ಜರ್ಸ್ ತಂಡ ಶಿಕಾಗೊ ಕಬ್ಸ್ ವಿರುದ್ಧ ಗೆದ್ದಿದ್ದು 1-0ರಿಂದಲೇ. ಡಾಡ್ಜರ್ಸ್ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಸ್ಯಾಂಡಿ ಕೋಫ್ಯಾಕ್ಸ್ ಎದುರಿಗೆ ಬಂದ 27 ಬ್ಯಾಟರ್‌ಗಳನ್ನೂ ಔಟ್ ಮಾಡಿದರು, ರನ್‌ಗಾಗಿ ಸುತ್ತಬೇಕಾದ ನಾಲ್ಕು ಬೇಸ್‌ಗಳಲ್ಲಿ ಒಬ್ಬರಿಗೂ ಮೊದಲ ಬೇಸ್ ಕೂಡ ಸಿಗಲಿಲ್ಲ, ಕೊನೆಯ ಆರು ಮಂದಿಯಂತೂ ಸಾಲಾಗಿ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟ್. ಆದರೆ ನನ್ನ ಮನಸ್ಸು ಹೋಗೋದು ಕಬ್ಸ್ ಪಿಚರ್ ಬಾಬ್ ಹೆಂಡ್ಲಿ ಕಡೆಗೆ. ಪಾಪ, ಅವರು ಕೊಟ್ಟಿದ್ದು ಒಂದೇ ಹಿಟ್ (ಬ್ಯಾಟರ್ ಚೆಂಡು ಹೊಡೆದು ಬೇಸ್ ಸೇರುವುದು), ಅದರಿಂದಲೂ ರನ್ ಬರಲಿಲ್ಲ. ಐದನೇ ಇನ್ನಿಂಗ್ಸ್‌ನಲ್ಲಿ ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಸಿಗುವ ಮೊದಲ ಬೇಸ್) ಪಡೆದ ಡಾಡ್ಜರ್ಸ್‌ನ ಲೂ ಜಾನ್ಸನ್ ಸಹ ಆಟಗಾರನ ಬಂಟ್‌ನಿಂದ (ಚೆಂಡನ್ನು ಮೆಲ್ಲಗೆ ತಟ್ಟುವುದು) ಎರಡನೇ ಬೇಸ್ ಸೇರಿ, ಮೂರನೆಯದನ್ನು ಕದಿಯಲು, ಅಂದರೆ ಯಾರೂ ಚೆಂಡು ಹೊಡೆಯುವ ಮೊದಲೇ ಸೇರಲು, ಓಡಿದಾಗ ಕಬ್ಸ್ ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವರು) ಎಸೆದ ಚೆಂಡು ಗುರಿ ತಪ್ಪಿತು, ಜಾನ್ಸನ್ ಓಡಿ ರನ್ ಪೂರೈಸಿದರು. ಬಂದಿದ್ದು ಅದೊಂದೇ ರನ್. ಮುಂದಿನ ವಾರ ಇದೇ ಇಬ್ಬರು ಮತ್ತೆ ಎದುರಾದರು; ಆಗ ಹೆಂಡ್ಲಿ 2-1ರಿಂದ ಗೆದ್ದರು.